ನೀರು ನಿಲ್ಲಿಸದ ಮನೆತನ

ಅವನ ಮುತ್ತಾತ ಬಾವಿ ತೋಡುವವನು. ಏಳಾಳು ಆಳದಲ್ಲಿ ಬಂಡೆ ಅಡ್ಡ ಬಂದಾಗ, ಜೊತೆಯವರೆಲ್ಲ ಮೇಲೆ ಹತ್ತಿ ಹೋದರೂ ತಾನೊಬ್ಬನೇ ಒಂದು ತಿಂಗಳು ಉಳಿ ಹಿಡಿದು ಕೆತ್ತಿ ಒರತೆಯ ಬಾಯಿ ಬಿಡಿಸಿದ. ತಾತ ಊರಿನ ಪಂಪ್‌ಹೌಸಿನಲ್ಲಿದ್ದ. ಹೊಳೆ ಉಕ್ಕಿ ಒಳಗೆ ನುಗ್ಗಿದಾಗ ಮೋಟರಿನ ಸುತ್ತ ಮರಳು ಮೂಟೆ ಒಟ್ಟಿ, ಮೂರು ದಿನ ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದ. ಊರಿನ ನಲ್ಲಿ ಒಂದು ಗಳಿಗೆಯೂ ಒಣಗಲಿಲ್ಲ. ಅಪ್ಪ ಮೋಟರಿಗೆ ತಂತಿ ಸುತ್ತುವವನು. ಸುಟ್ಟ ಮೋಟರ್ ತಂದವನಿಗೆ ಮೊದಲು ತನ್ನ ಅಂಗಡಿಯದೊಂದನ್ನು ಕೊಟ್ಟು ಕಳಿಸಿ, ಆಮೇಲೇ ಬಿಚ್ಚಲು ಕೂರುತ್ತಿದ್ದ. "ಹರಿಯೋ ನೀರು ನಿಲ್ಸೋನು ನಮ್ಮ ಮನೇಲಿ ಹುಟ್ಟಿಲ್ಲ ಕಣೋ" ಎನ್ನುವುದು ಅವನ ಮಾತು. ಮಗನ ಕಿವಿಗೆ ಅದು ತಾಯಿಹಾಲಿನ ಜೊತೆಗೇ ಬಿದ್ದಿತ್ತು.

ಮಗನ ಪಾಲಿಗೆ ಬಂದದ್ದು ಬಾವಿಯೂ ಅಲ್ಲ, ಹೊಳೆಯೂ ಅಲ್ಲ. ಕಣ್ಣಾಸ್ಪತ್ರೆಯ ಹಜಾರದಲ್ಲಿದ್ದ ಆರಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಬಣ್ಣದ ಮೀನು, ಜೀವಂತ ಹವಳ. ಹನ್ನೊಂದು ವರ್ಷದ ಹಿಂದೆ ಉಗುರಿನಷ್ಟಿದ್ದ ನೇರಳೆ ಹವಳದ ಚೂರನ್ನು ಅವನು ಕಲ್ಲಿಗೆ ಅಂಟಿಸಿ ಸಾಕಿದ್ದ. ಈಗ ಅದು ಎರಡು ಬೊಗಸೆಗೂ ಮಿಕ್ಕುತ್ತಿತ್ತು. ಹವಳ ಎದ್ದು ಹೋಗಿ ಉಣ್ಣುವ ಜೀವವಲ್ಲ. ಉಸಿರನ್ನೂ ಊಟವನ್ನೂ ನೀರೇ ತಂದು ಬಾಯಿಗಿಡಬೇಕು. ನೀರು ನಿಂತರೆ ಹೊತ್ತು ಮುಳುಗುವಷ್ಟರಲ್ಲಿ ಬಿಳಿಚಿಕೊಂಡು ಲೋಳೆಯಾಗುತ್ತದೆ. ಅದಕ್ಕೇ ಅವನು ದಿನಾ ಬೆಳಗ್ಗೆ ಗಾಜಿಗೆ ಕಿವಿಯಿಟ್ಟು ಪಂಪಿನ ಸದ್ದು ಕೇಳುತ್ತಿದ್ದ. ನೆಲ ಒರೆಸುವ ಆಯಾ ನಗುತ್ತಿದ್ದಳು: "ಏನಣ್ಣಾ, ಹೆರಿಗೆ ಯಾವಾಗಂತೆ?" ಆಸ್ಪತ್ರೆಯವರಿಗೆಲ್ಲ ಅವನು ನೀರಣ್ಣ.

ಪಂಪು, ದೀಪ, ನೀರಿನ ಬಿಸುಪು ಎಲ್ಲವನ್ನೂ ಆಳುವುದು ಕೆಳಗಿನ ಕಪಾಟಿನಲ್ಲಿದ್ದ ಅಂಗೈಯಗಲದ ಕಂಟ್ರೋಲರ್. ನೀರಣ್ಣ ಅದನ್ನು ತಾಯಿ ಪೆಟ್ಟಿಗೆ ಎನ್ನುತ್ತಿದ್ದ. ಕೆಲಸ ಹೆಚ್ಚಿದಂತೆ ಅದಕ್ಕೆ ಒಂದೊಂದು ಮಾಡ್ಯೂಲನ್ನು ತಂತಿಯಲ್ಲಿ ಪೋಣಿಸಬೇಕು. ಅವು ಮರಿ ಪೆಟ್ಟಿಗೆಗಳು. ಪಂಪಿಗೊಂದು, ದೀಪಕ್ಕೊಂದು ಮರಿ ಆಗಲೇ ಇದ್ದವು. ಹವಳಕ್ಕೆ ಸುಣ್ಣದ ನೀರನ್ನು ಹನಿ ಹನಿಯಾಗಿ ಉಣಿಸಲು ಮೂರನೆಯದನ್ನು ತರಿಸಿದ. ಮಾರಿದವನು ಹೆಂಡತಿಯ ತಮ್ಮ.

"ಭಾವ, ಎರಡು ಮರಿಗೆ ತಾಯಿ ಹಾಲೇ ಸಾಕು, ಕರೆಂಟು ಅದೇ ತಂತೀಲಿ ಬರತ್ತೆ. ಮೂರನೇದಕ್ಕೆ ಸಾಲಲ್ಲ. ಈ ಅಡಾಪ್ಟರ್ ಬೇರೆ ಹಾಕಿ" ಎಂದಿದ್ದ ಅವನು.

"ಗೊತ್ತು ಬಿಡಪ್ಪ. ಒಂದೆತ್ತಿಗೆ ಮೂರು ಗಾಡಿ ಕಟ್ಟೋ ಪೆದ್ದನಲ್ಲ ನಾನು."

"ಇನ್ನೊಂದು. ತಂತಿ ಸಿಕ್ಸೋ ಮುಂಚೆ ಎಲ್ಲಾ ಆಫ್ ಮಾಡಿ. ಐದೇ ನಿಮಿಷ."

"ಐದು ನಿಮಿಷ ನಿನ್ನ ಮೂಗು ಹಿಡೀಲಾ?"

"ಅಕ್ಕ ಹೇಳೋದು ಸುಳ್ಳಲ್ಲ. ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

ಪೆಟ್ಟಿಗೆಯ ಜೊತೆ ಬಂದ ಕಾಗದವೂ ಅದನ್ನೇ ಹೇಳಿತ್ತು. ಐದು ನಿಮಿಷಕ್ಕೆ ಹವಳ ಸಾಯುವುದಿಲ್ಲವೆಂದು ನೀರಣ್ಣನಿಗೂ ಗೊತ್ತು. ಆದರೂ ಸ್ವಿಚ್ಚಿನವರೆಗೆ ಹೋದ ಕೈ ವಾಪಸು ಬಂತು. ಹಠ ಎನ್ನಿ, ಮನೆತನದ ಗೀಳು ಎನ್ನಿ. ಅಡಾಪ್ಟರ್ ಹಾಕಿದ, ಮರಿ ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಅದರ ತಂತಿಯನ್ನು ಓಡುತ್ತಿದ್ದ ತಾಯಿ ಪೆಟ್ಟಿಗೆಗೆ ಹಾಗೇ ಒತ್ತಿದ. 'ಚಟ್' ಎಂದಿತು, ಕಡಲೆ ಸಿಡಿದಷ್ಟೇ ಸದ್ದು. ತಾಯಿ ಪೆಟ್ಟಿಗೆಯ ದೀಪ ಎರಡು ಸಲ ಮಿಣುಕಿ ಆರಿತು. ಪಂಪು ನಿಂತಿತು.

ಎಲ್ಲವನ್ನೂ ಆರಿಸಿ ಮತ್ತೆ ಹಾಕಿದ. ಇಲ್ಲ. ಗೋಡೆಯ ಕರೆಂಟು ಕೊಟ್ಟರೆ ಓಡುವ ಜಾತಿಯ ಪಂಪೂ ಅದಲ್ಲ. ತಾಯಿ ಪೆಟ್ಟಿಗೆ ಅಪ್ಪಣೆ ಕೊಟ್ಟರಷ್ಟೇ ತಿರುಗುತ್ತಿತ್ತು. ಅಪ್ಪನ ಕಾಲದ ಮೋಟರಾಗಿದ್ದರೆ ಮೂಸಿಯೇ ಎಲ್ಲಿ ಸುಟ್ಟಿದೆ ಎನ್ನುತ್ತಿದ್ದ. ಈ ಡಬ್ಬಿಯನ್ನು ಮೂಸಿದರೆ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

ಬಾಮೈದನಿಗೆ ಫೋನ್ ಮಾಡಿದ. ಆ ಕಡೆ ಅವನು ಸ್ಟಾಕಿನ ಪುಸ್ತಕ ತಿರುವುವ ಸದ್ದು ಕೇಳಿಸಿತು. ಬೈದಿದ್ದರೂ ಚೆನ್ನಾಗಿತ್ತು.

"ಬೇರೆ ಪೆಟ್ಟಿಗೆ ಗೋದಾಮಿಂದ ತರ್ಬೇಕು ಭಾವ. ಸಂಜೆ ಆಗತ್ತೆ."

ಆಗಿನ್ನೂ ಬೆಳಗಿನ ಹನ್ನೊಂದು. ನೀರಣ್ಣ ಸ್ಟೂಲು ಹತ್ತಿದ. ಜಗ್ಗಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು, ಮೊಳದೆತ್ತರದಿಂದ ಹವಳದ ಪಕ್ಕಕ್ಕೆ ಹೊಯ್ದ. ಗಾಳಿ ಬೆರೆತು ಗುಳ್ಳೆ ಎದ್ದವು. ಮತ್ತೆ ಮೊಗೆದ, ಮತ್ತೆ ಹೊಯ್ದ. ಬೆಂಚಿನ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ಆ ಸದ್ದಿಗೆ ತಲೆಯೆತ್ತಿದಳು: "ಯಾರಪ್ಪಾ ಅದು, ನಲ್ಲಿ ನಿಲ್ಸ್ರೋ! ನೀರು ಸುಮ್ಮನೆ ಪೋಲಾಗ್ತಿದೆ."

ನೀರಣ್ಣ ತಿರುಗಿಯೂ ನೋಡದೆ ಇನ್ನೊಂದು ಜಗ್ಗು ಹೊಯ್ದ.

ಮಧ್ಯಾಹ್ನ ಎರಡರ ಹೊತ್ತಿಗೆ ಹವಳ ತನ್ನ ತುದಿಗಳನ್ನು ಒಳಗೆಳೆದುಕೊಂಡಿತು. ನಾಲ್ಕಕ್ಕೆ ಬುಡದಲ್ಲಿ ಬೆರಳಗಲ ಬಿಳುಪು ಕಂಡಿತು. ಹೊಯ್ಯುವುದರಿಂದ ಉಳಿಯುತ್ತಿದೆಯೋ, ಸಾಯುವುದು ತುಸು ತಡವಾಗುತ್ತಿದೆಯೋ, ಹೇಳುವವರು ಯಾರು? ತೋಳು ಒನಕೆಯಂತಾಗಿತ್ತು. ಅರ್ಧ ಜಗ್ಗು ಅವನ ಅಂಗಿಯ ಮೇಲೇ ಚೆಲ್ಲುತ್ತಿತ್ತು.

ಹೊತ್ತು ಇಳಿಯುವಾಗ ಬಾಮೈದ ಹೊಸ ಪೆಟ್ಟಿಗೆ ತಂದ. ಹಳೆಯದನ್ನು ಬಿಚ್ಚಿ ನೋಡಿ ತಲೆಯಾಡಿಸಿದ. "ಹಳೇ ಸೆಟ್ಟಿಂಗ್ ಎಲ್ಲಾ ಹೋಗಿದೆ ಭಾವ. ಮೊದಲಿಂದ ಬರೀಬೇಕು. ಇನ್ನೂ ಒಂದೂವರೆ ಗಂಟೆ. ನೀವು ಕೂತ್ಕೊಳ್ಳಿ, ಆಯಾ ಹುಯ್ತಾರೆ."

ಬುಡದ ಬಿಳುಪು ಅಷ್ಟರಲ್ಲಿ ಅರ್ಧ ಹವಳಕ್ಕೆ ಏರಿತ್ತು. ಆಯಾ ಬಂದು ಜಗ್ಗಿನ ಹಿಡಿಗೆ ಕೈ ಹಾಕಿದಳು. ಬೆಳಗಿನ ನಗು ಅವಳ ಮುಖದಲ್ಲಿರಲಿಲ್ಲ.

"ಕೊಡಣ್ಣಾ. ಅರ್ಧ ನೀರು ನಿನ್ನ ಮೈಮೇಲೇ ಬೀಳ್ತಿದೆ ನೋಡು."

ನೀರಣ್ಣ ಹಿಡಿ ಬಿಡಲಿಲ್ಲ.

"ಬೇಡ ತಾಯಿ, ಬಿಡು. ನಮ್ಮ ತಾತ ಮೂರು ದಿನ ಮೊಗೆದ, ನಂದಿನ್ನೂ ಒಂದು ಹಗಲೂ ತುಂಬಿಲ್ಲ. ನಿಲ್ಸಿದ್ದು ಈ ಕೈ. ಇದೇ ಹುಯ್ಲಿ."