ಕಾಕಾ ಕಲಿತ ಕನ್ನಡ

ಮೊನ್ನೆ ಬೆಳಿಗ್ಗೆ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನ ಯಾವುದೋ ಮನೆಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ಪುಣೆಯ ಸದಾಶಿವ ಪೇಠದ ನಮ್ಮ ಓಣಿಯಲ್ಲಿ ಆ ವಾಸನೆ ಬಂದು ಎಷ್ಟೋ ವರ್ಷಗಳಾಗಿದ್ದವು. ಹೊಸದಾಗಿ ಬಾಡಿಗೆಗೆ ಬಂದವರು ನಮ್ಮ ಕನ್ನಡದ ಕಡೆಯವರಿರಬೇಕು. ಒದ್ದೆ ಟವೆಲ್ಲು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ. ಮೊದಲು ನೆನಪಾದವರು ನಮ್ಮ ಕೆಳಗಿನ ಮನೆಯ ಕಾಕು, ಅವರ ಹಿಂದೆಯೇ ಅವರ ಗಂಡ, ಕಾಕಾ...

ಕಾಕಾ ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಪ್ಪಟ ಪುಣೆಯ ಮರಾಠಿ ಮನುಷ್ಯ. ಕಾಕು ಇಂಡಿ ಊರಿನ ಕನ್ನಡದ ಮನೆಯ ಹೆಣ್ಣು. ಕುಲ ಒಂದೇ, ಗೋತ್ರ ಹೊಂದಿತು, ಜಾತಕ ಕೂಡಿತು. ಮಾತು ಬೇರೆ ಎಂಬುದನ್ನು ಆ ಕಾಲದ ಹಿರಿಯರು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಮುದ್ದೇಬಿಹಾಳದ ಕಡೆಯಿಂದ ಮದುವೆಯಾಗಿ ಈ ಕಟ್ಟಡಕ್ಕೆ ಬಂದಾಗ ಕಾಕುವಿನ ಮರಾಠಿ ಎಷ್ಟು ನುಣುಪಾಗಿತ್ತೆಂದರೆ, ಅವರು ನಮ್ಮವರೆಂದು ತಿಳಿಯುವುದಕ್ಕೇ ನನಗೆ ಕೆಲವು ತಿಂಗಳು ಹಿಡಿಯಿತು. ತಿಳಿದ ಮೇಲೂ ನಾವಿಬ್ಬರು ಕನ್ನಡ ಮಾತಾಡುತ್ತಿದ್ದುದು ಮೆಟ್ಟಿಲ ಮೇಲೆ, ನೀರು ಹಿಡಿಯುವಾಗ, ತಗ್ಗಿದ ದನಿಯಲ್ಲಿ. ತಮ್ಮ ಮನೆಯ ಹೊಸ್ತಿಲು ದಾಟಿದರೆ ಅವರು ಮರಾಠಿಗೆ ಹೊರಳಿಬಿಡುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ.

ನಿವೃತ್ತಿಯಾದ ಮೇಲೆ ಕಾಕಾ ಇಡೀ ಕಟ್ಟಡದ ಮುದುಕರಿಗೆ ಗುರುವಾದರು. ನಸುಕಿನಲ್ಲಿ ಕಾಕುವನ್ನು ಕರೆದುಕೊಂಡು ಪರ್ವತಿ ಗುಡ್ಡ ಹತ್ತಿ ಇಳಿಯುತ್ತಿದ್ದರು. ನೆನೆಸಿದ ಮೆಂತ್ಯ, ಬಿಸಿನೀರು, ಸಕ್ಕರೆ ಇಲ್ಲದ ಚಹಾ; ಮಧ್ಯಾಹ್ನ ಮಲಗುವುದು ನಿಷಿದ್ಧ. ಯಾರಾದರೂ ನಿವೃತ್ತರಾದರೆಂದರೆ ಮರುದಿನವೇ ಅವರ ಮನೆಗೆ ಹೋಗಿ ಉಪದೇಶ ಮಾಡಿ ಬರುತ್ತಿದ್ದರು: "ಒಂದು ಹವ್ಯಾಸ ಹಿಡಿ. ಸುಮ್ಮನೆ ಕೂತವನ ತಲೆಗೆ ತುಕ್ಕು ಹಿಡಿಯುತ್ತದೆ." ತಾವೂ ಹಿಡಿಯುತ್ತಿದ್ದರು, ಬಿಡುತ್ತಿದ್ದರು. ಹಾರ್ಮೋನಿಯಂ ತಂದರು, ಅದು ಮಂಚದ ಕೆಳಗೆ ಸೇರಿತು. ಗುಲಾಬಿ ಕುಂಡಗಳನ್ನು ತಂದರು, ನೀರು ಹಾಕಿದವರು ಮಾತ್ರ ಕಾಕು. "ಇವರ ಹವ್ಯಾಸ ಎಲ್ಲಾ ನಂಗ ಕೆಲಸ ಆಗ್ತಾವ ನೋಡ ತಂಗಿ," ಎಂದು ಅವರು ಮೆಟ್ಟಿಲ ಮೇಲೆ ನಗುತ್ತಿದ್ದರು.

ಒಂದು ದಿನ ನಾನೂ ಕಾಕುವೂ ಕಿರಾಣಿ ಅಂಗಡಿಗೆ ಹೋಗಿದ್ದೆವು. ಹೊಸ ಸೊಸೆಯಾಗಿ ಬಂದಂದಿನಿಂದ ಅವರು ಸಾಮಾನು ತರುತ್ತಿದ್ದ ಅಂಗಡಿ ಅದು. "ಗುರೆಳ್ಳು ಕೊಡ್ರಿ," ಎಂದರು ಅಂಗಡಿಯವನಿಗೆ. ಅವನು ಮುಖ ನೋಡಿದ. ಕಾಕು ಮತ್ತೆ ಅದನ್ನೇ ಅಂದರು, ಇನ್ನಷ್ಟು ಗಟ್ಟಿಯಾಗಿ. ನಾನು ತಮಾಷೆ ಅಂದುಕೊಂಡು "ಕಾರಳೆ ಕೇಳ್ತಿದ್ದಾರೆ" ಎಂದು ಮರಾಠಿಯಲ್ಲಿ ಹೇಳಿದೆ. ಕಾಕು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ತಮಾಷೆ ಇರಲಿಲ್ಲ. "ಹಂಗಂದ್ರ ಏನ?" ಎಂದು ನನ್ನನ್ನೇ ಕೇಳಿದರು.

ಹಾಗೆ ಶುರುವಾಯಿತು. ಮೊದಲು ತರಕಾರಿಯ ಹೆಸರುಗಳು ಹೋದವು. ಆಮೇಲೆ ಓಣಿಯವರ ಹೆಸರುಗಳು. ಪುಣೆಯ ಆ ಕೊನೆಗೆ ವಾಕಡದಲ್ಲಿದ್ದ ಅವರ ಮಗಳು ಓಡಿ ಬಂದಳು, ದೊಡ್ಡ ಡಾಕ್ಟರರಿಗೆ ತೋರಿಸಿದರು. ಮರೆವಿನ ರೋಗ, ಹೋದದ್ದು ಮರಳಿ ಬರುವುದಿಲ್ಲ, ಹಳೆಯದು ಮಾತ್ರ ಇನ್ನಷ್ಟು ಕಾಲ ಉಳಿಯುತ್ತದೆ ಎಂದರಂತೆ ಅವರು. ಆ ಸಂಜೆ ಕಾಕಾ ಮೆಟ್ಟಿಲ ಮೇಲೆ ಕೂತು ನನ್ನೊಡನೆ ಜಗಳಕ್ಕೆ ನಿಂತವರ ಹಾಗೆ ಮಾತಾಡಿದರು. "ದಿನಾ ಗುಡ್ಡ ಹತ್ತಿದ್ದಾಳೆ. ಪೇಪರಿನ ಪದಬಂಧ ಬಿಡಿಸಿದ್ದಾಳೆ. ಸಕ್ಕರೆ ಮುಟ್ಟಿಲ್ಲ. ನಾನು ಹೇಳಿದ್ದರಲ್ಲಿ ಇವಳು ಯಾವುದನ್ನು ಬಿಟ್ಟಿದ್ದಳು? ಹೇಳು, ಯಾವುದನ್ನು?"

ಮುಂದಿನ ಮಳೆಗಾಲದ ಹೊತ್ತಿಗೆ ಕಾಕುವಿನ ಬಾಯಲ್ಲಿ ಮರಾಠಿಯೇ ಇಲ್ಲವಾಯಿತು. ಅಷ್ಟು ವರ್ಷ ಆಡಿದ ಮಾತು ಮಳೆಗೆ ಗೋಡೆಯ ಸುಣ್ಣ ತೊಳೆದುಹೋದಂತೆ ಹೋಯಿತು. ಅಡಿಯಲ್ಲಿ ಉಳಿದದ್ದು ಇಂಡಿಯ ಕನ್ನಡ. ಒಂದು ದಿನ ಕಾಕಾ ಕೆಳಗಿನಿಂದ ನನ್ನನ್ನು ಕೂಗಿದರು. ಹೋದೆ. ಕಾಕು ಅಳುತ್ತ ಏನನ್ನೋ ಬೇಡುತ್ತಿದ್ದರು. ಅವರ ಮುಂದೆ ನೀರು, ಹಾಲು, ಬಿಸ್ಕತ್ತು, ಶಾಲು, ಗುಳಿಗೆ ಎಲ್ಲ ಹರಡಿತ್ತು. "ಇವಳಿಗೆ ಏನು ಬೇಕಂತೆ, ಕೇಳು," ಎಂದರು ಕಾಕಾ. ಕೇಳಿದೆ. "ಕಿಡಕಿ ಮುಚ್ಚಂತ ಹೇಳ ತಂಗಿ ಈ ಅಜ್ಜಗ. ಕಣ್ಣಾಗ ಬಿಸಲ ಬೀಳಾಕತ್ತೈತಿ." ಅಷ್ಟೇ. ಕಿಟಕಿ ಮುಚ್ಚುವಷ್ಟು ಸಣ್ಣ ಮಾತಿಗೆ ಗಂಡ ಹೆಂಡತಿಯ ನಡುವೆ ನಾನು ಬೇಕಾಗಿತ್ತು. ಕಾಕಾ ಹೋಗಿ ಕಿಟಕಿ ಮುಚ್ಚಿದರು, ಹರಡಿದ್ದನ್ನೆಲ್ಲ ಒಂದೊಂದಾಗಿ ಎತ್ತಿಟ್ಟರು.

ಮರುದಿನ ಸಂಜೆ ನಾನು ಕೆಲಸಕ್ಕಿದ್ದ ಬ್ಯಾಂಕಿನಿಂದ ಬರುವಾಗ ಅವರು ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತಿದ್ದರು. "ಬಾಯೀ," ಎಂದರು, ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರನ್ನು ಮರಾಠಿಯಲ್ಲಿ ಕರೆಯುವ ಹಾಗೆ. "ನನಗೆ ಕನ್ನಡ ಕಲಿಸು. ಬರೆಯುವುದು ಬೇಡ. ಮಾತು ಸಾಕು."

ಅಷ್ಟೆಲ್ಲ ಹವ್ಯಾಸ ಹಿಡಿದು ಬಿಟ್ಟಿದ್ದ ಮನುಷ್ಯ ಇದನ್ನು ಬಿಡಲಿಲ್ಲ. ದಿನಾ ಸಂಜೆ, ಕಾಕುವನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಒಳಗಿರುವಾಗ, ಮೆಟ್ಟಿಲ ಮೇಲೆ ನಮ್ಮ ಪಾಠ. ನೀರು, ಹಸಿವು, ನೋವು. ಎಲ್ಲಿ ನೋವು? ಥಂಡಿ ಆಗ್ತದೇನ? ನಾನು ಕಾಯಿಪಲ್ಯೆ ಸೋಸಿ ಹಸನು ಮಾಡುತ್ತ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಮಂತ್ರದಂತೆ ತಿರುಗಿ ಹೇಳುತ್ತಿದ್ದರು. ಹ್ರಸ್ವ ಎಕಾರ ಅವರ ನಾಲಿಗೆಗೆ ಒಗ್ಗುತ್ತಲೇ ಇರಲಿಲ್ಲ. ಒಂದು ಭಾನುವಾರ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು, ಕಾಕುವಿನ ಮುಂದೆ ನಿಂತು, ಬಹಳ ತಯಾರಿ ಮಾಡಿಕೊಂಡು ಕೇಳಿದರು: "ತಲಿಗೆ ಏಣಿ ಹಚ್ಚಲಿ?"

ಕಾಕು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಏಣಿ ಹಚ್ಚಿ ಎಲ್ಲಿ ಏರಾವ್ರು?" ಎಂದವರೇ ನಗಲು ಶುರುಮಾಡಿದರು. ನಾನು ತಪ್ಪನ್ನು ಬಿಡಿಸಿ ಹೇಳಿದೆ, ಕಾಕಾನೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ... ತಲೆಗೆ ಎಣ್ಣೆ ಹಚ್ಚಿಸಿಕೊಂಡು ಕಾಕು ಕಣ್ಣು ಮುಚ್ಚಿ ಕೂತಿದ್ದರು. ಆ ದಿನ ನನಗೂ ಅನ್ನಿಸಿತು, ಇದೊಂದು ದಾರಿ ಸಿಕ್ಕಿತು ಎಂದು.

ಅಲ್ಲಿಂದ ಕಾಕು ಅವರೊಡನೆ ಮಾತಾಡತೊಡಗಿದರು. ಬಾವಿ, ಎಮ್ಮೆ, ತಮ್ಮನ ಅಂಗಿ, ಯಾವುದೋ ಗೆಳತಿ. ಕಾಕಾನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧವನ್ನು ನನ್ನ ಬಳಿ ತಂದು ಕೇಳುತ್ತಿದ್ದರು. ಕ್ರಮೇಣ ನನ್ನನ್ನು ಕೇಳುವುದು ಕಡಿಮೆಯಾಯಿತು.

ಚಳಿಗಾಲದ ಒಂದು ಸಂಜೆ ನಾನು ಅಲ್ಲಿಯೇ ಕೂತಿದ್ದೆ. ಕಾಕು ಬಹಳ ಹೊತ್ತು ಕಾಕಾನ ಮುಖ ನೋಡಿ, "ನೀವು ನಮ್ಮ ಇಂಡಿ ಕಡ್ಯಾವ್ರೇನ್ರಿ?" ಎಂದರು. ಕಾಕಾ ಹಿಗ್ಗಿ, "ಹೌದ್ರಿ," ಎಂದರು. ತಮ್ಮ ಕನ್ನಡ ಅಷ್ಟು ಸುಧಾರಿಸಿತೆಂದು ಅವರಿಗೆ ಸಂತೋಷ. ಕಾಕು ಮುಂದೆ ಬಾಗಿ ದನಿ ತಗ್ಗಿಸಿದರು. ಆ ದನಿ ಹುಡುಗಿಯದಾಗಿತ್ತು.

"ಹಂಗಾರ ನಮ್ಮಪ್ಪಗ ಒಂದ ಮಾತ ಹೇಳ್ರಿ. ನೀವು ಹಿರ್ಯಾರು, ನಿಮ್ಮ ಮಾತ ಕೇಳ್ತಾನ. ನನ್ನ ಪುಣೇಕ ಕೊಡಬ್ಯಾಡ ಅಂತ ಹೇಳ್ರಿ. ಅಲ್ಲಿ ನನ್ನ ಮಾತ ಯಾರಿಗೂ ತಿಳ್ಯೂದಿಲ್ರಿ. ಕೈ ಮುಗೀತೀನಿ."

ಕೈಯನ್ನೂ ಮುಗಿದರು.

ಅನುವಾದಿಸಿ ಅಭ್ಯಾಸವಾಗಿದ್ದ ನನ್ನ ಬಾಯಿ ತೆರೆದುಕೊಂಡಿತ್ತು. ಕಾಕಾ ಅಂಗೈ ಎತ್ತಿ ನನ್ನನ್ನು ತಡೆದರು. "ತಿಳೀತು," ಎಂದರು, ಕನ್ನಡದಲ್ಲಿಯೇ. ಆಮೇಲೆ ಕಾಕುವಿನ ಜೋಡಿಸಿದ ಕೈಗಳನ್ನು ಹಿಡಿದು ಮೆಲ್ಲಗೆ ಬಿಡಿಸಿ, "ಹೇಳ್ತೀನ್ರಿ," ಎಂದರು.

ಮೆಟ್ಟಿಲ ಮೇಲೆ ಬಂದು ಕೂತ ಮೇಲೆ ಮರಾಠಿಯಲ್ಲಿ, ನಿಧಾನವಾಗಿ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರ ತಾಯಿ ಮನೆಯಲ್ಲಿ ಒಂದೇ ಭಾಷೆ ನಡೆಯಬೇಕೆಂದು ಕಟ್ಟುಮಾಡಿದ್ದರಂತೆ, ಇವರೂ ಸರಿ ಎಂದಿದ್ದರಂತೆ. "ಎಷ್ಟೋ ತಿಂಗಳು ಇವಳು ಬಾಯಿಯೇ ತೆರೆಯಲಿಲ್ಲ. ನಾವು ಬಂಧುಬಳಗಕ್ಕೆಲ್ಲ ಹೇಳಿಕೊಂಡು ಹೊಗಳಿದೆವು, ಎಂಥ ಶಾಂತ ಸ್ವಭಾವದ ಹುಡುಗಿ ಸಿಕ್ಕಿದ್ದಾಳೆ ಅಂತ." ಅವರು ನನ್ನ ಕಡೆ ನೋಡಲಿಲ್ಲ. "ನಾನು ಕಲಿಯದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ಲವೇ?" ಎಂದರು.

ಕಾಕು ಆ ಮಾತನ್ನು ಮಾತ್ರ ಮರೆಯಲಿಲ್ಲ. ದಿನಾ ಕೇಳುತ್ತಿದ್ದರು, "ಹೇಳಿದ್ರೇನ್ರಿ?" ಎಂದು. ನಿದ್ದೆ ಬಿಟ್ಟರು, ಊಟ ಬಿಟ್ಟರು. ಕಡೆಗೊಂದು ಸಂಜೆ ಕಾಕಾ ನನ್ನ ಬಳಿ ಬಂದು, ಪಾಠಕ್ಕೆ ಕೂರುವ ಜಾಗದಲ್ಲಿ ಕೂತು, ಕೇಳಿದರು. "ಆ ಸಂಬಂಧ ಬೇಡವೆಂದು ನಿನ್ನ ಅಪ್ಪ ಹೇಳಿದ್ದಾರೆ, ನೀನು ಪುಣೆಗೆ ಹೋಗಬೇಕಾಗಿಲ್ಲ... ಇದನ್ನು ಹೇಗೆ ಹೇಳಬೇಕು?"

ನಾನು ಕೈಯಲ್ಲಿದ್ದ ಕಾಯಿಪಲ್ಯೆ ಕೆಳಗಿಟ್ಟೆ. "ಹೇಳು," ಎಂದರು. "ನನಗೇ ಜೋಡಿಸಲು ಬರುತ್ತದೆ. ಆದರೆ ಇದರಲ್ಲಿ ತಪ್ಪಾಗಬಾರದು."

ಹೇಳಿಕೊಟ್ಟೆ. ಅವರು ಕಣ್ಣು ಮುಚ್ಚಿ ಮತ್ತೆ ಮತ್ತೆ ಹೇಳಿ ನೋಡಿದರು. ಎಕಾರ ಸರಿಯಾಗುವ ತನಕ ಹೇಳಿದರು. ಆಮೇಲೆ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು, ನನಗೆ ಕೇಳಿಸಿತು. "ನಿಮ್ಮಪ್ಪ ಆ ಸಂಬಂಧ ಬ್ಯಾಡ ಅಂದಾರ್ರಿ. ನೀವು ಪುಣೇಕ ಹೋಗೂದು ಬ್ಯಾಡ." ಒಂದು ತಪ್ಪೂ ಇರಲಿಲ್ಲ. ಕಾಕು ಏನಂದರೆಂದು ಕೇಳಿಸಲಿಲ್ಲ. ಆ ರಾತ್ರಿ ಅವರು ಊಟ ಮಾಡಿ ನೆಮ್ಮದಿಯಾಗಿ ಮಲಗಿದರೆಂದು ಮರುದಿನ ಕಾಕಾ ಹೇಳಿದರು. ಹಾಗೆ ಹೇಳುವಾಗ ಅವರ ಮುಖ ಮನೆಯಲ್ಲಿ ಸಾವಾದವರ ಮುಖದಂತಿತ್ತು.

ಆ ದಿನಗಳಲ್ಲೇ ಓಣಿಯ ಹಿರಿಯ ನಾಗರಿಕರ ಸಂಘದವರು ಬಂದು ಕಾಕಾನನ್ನು ಮಾತಾಡಲು ಕರೆದರು. ಈ ವಯಸ್ಸಿನಲ್ಲಿ ಹೊಸ ಭಾಷೆ! ನಿವೃತ್ತರೆಂದರೆ ಹೀಗಿರಬೇಕು, ಹವ್ಯಾಸವೆಂದರೆ ಇದು! ಕಾಕಾ ಒಲ್ಲೆನೆಂದರೂ ಬಿಡಲಿಲ್ಲ. ನಾನೂ ಹೋಗಿದ್ದೆ. ಶಾಲು ಹೊದಿಸಿ ಮೈಕು ಕೊಟ್ಟರು. ಕಾಕಾ ಮೈಕು ಹಿಡಿದು, "ನಾನು ತಡಮಾಡಿದೆ," ಎಂದರು. ಜನ ಮುಂದಿನ ಮಾತಿಗೆ ಕಾದರು. ಅವರು ಮೈಕನ್ನು ಮೇಜಿನ ಮೇಲಿಟ್ಟು ತಮ್ಮ ಕುರ್ಚಿಗೆ ಹೋಗಿ ಕೂತರು. ವಿನಯದ ಮಾತೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾಕುವಿನ ಕನ್ನಡವೂ ಆಮೇಲೆ ಹೋಯಿತು. ವಾಕ್ಯ ಹೋದವು, ಶಬ್ದ ಹೋದವು, ಕೊನೆಗೆ "ಯವ್ವಾ" ಒಂದು ಉಳಿದಿತ್ತು. ಬೇಸಿಗೆ ಮುಗಿಯುವುದರೊಳಗೆ ಅವರು ತೀರಿಕೊಂಡರು. ಕಡೆಯ ತನಕ ಕಾಕಾ ಅವರಿಗೆ ಮತ್ತೆ ಗಂಡನಾಗಲಿಲ್ಲ. ಇಂಡಿ ಕಡೆಯ ಒಬ್ಬ ಒಳ್ಳೆಯ ಹಿರಿಯರಾಗಿಯೇ ಉಳಿದರು.

ಮಗಳು ಕಾಕಾನನ್ನು ವಾಕಡಕ್ಕೆ ಕರೆದೊಯ್ದಳು. ಬಹಳ ಎತ್ತರದ ಕಟ್ಟಡ, ಕೆಳಗೆ ಮುದುಕರಿಗೆಂದೇ ನಡೆಯುವ ದಾರಿ, ಕ್ಯಾರಂ ಆಡುವ ಕೋಣೆ, ನಗೆಕೂಟ. ಅವಳು ಎಲ್ಲಕ್ಕೂ ಅವರ ಹೆಸರು ಹಚ್ಚಿದ್ದಳು. ಯಾವುದಕ್ಕೂ ಅವರು ಹೋಗುತ್ತಿರಲಿಲ್ಲ. ನಾನು ಬಸ್ಸು ಬದಲಿಸಿ ಒಮ್ಮೆ ನೋಡಲು ಹೋದೆ. ಗೋಡೆಗೆ ಹೊಂದಿಕೊಂಡ ಸೋಫಾದ ಮೇಲೆ ಕೂತಿದ್ದರು, ಮಧ್ಯಾಹ್ನದ ನಿದ್ದೆಯ ಕಣ್ಣು. "ಕಾಕಾ, ಹೆಂಗದೀರಿ?" ಎಂದೆ. ಅವರು ಮಗಳ ಕಡೆ ತಿರುಗಿ ಮರಾಠಿಯಲ್ಲಿ, "ಏನಂತಾಳೆ ಇವಳು?" ಎಂದು ಕೇಳಿದರು. ಮಗಳು ನನ್ನನ್ನು ನೋಡಿದಳು. ನಾನು ಮರಾಠಿಯಲ್ಲಿ ಹೇಳಿದೆ. "ಠೀಕ," ಎಂದರು. ಮರೆತಿದ್ದರೋ, ಮರೆಯಬೇಕೆಂದಿದ್ದರೋ, ಇಂದಿಗೂ ನನಗೆ ತಿಳಿದಿಲ್ಲ. ಚಹಾ ಕುಡಿದು ಎದ್ದು ಬಂದೆ. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಸುದ್ದಿ ಕೇಳಿ ಹೋದಾಗ ಮಗಳು ನನ್ನನ್ನು ಒಳಕೋಣೆಗೆ ಕರೆದು ಕೂರಿಸಿಕೊಂಡಳು. "ಬಾಬಾ ಕಡೆಯ ದಿನಗಳಲ್ಲಿ ಏನೋ ಒಂದೇ ಮಾತನ್ನು ಹೇಳುತ್ತಿದ್ದರು. ಏನೋ ಕೇಳುತ್ತಿದ್ದರು. ಅದು ಮರಾಠಿಯಲ್ಲ. ನಾವು ನೀರು ಕೊಟ್ಟೆವು, ಹೊದಿಕೆ ಹೊದಿಸಿದೆವು... ಅದಲ್ಲ, ಅದಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತಿದ್ದರು. ನಿಮಗೆ ಫೋನು ಮಾಡಬೇಕೆಂದು ಹೊಳೆಯಲಿಲ್ಲ." ಏನು ಮಾತು ಎಂದು ಕೇಳಿದೆ. ಅವಳು ಆ ಸದ್ದನ್ನು ಬಾಯಲ್ಲಿ ತರಲು ಬಹಳ ಒದ್ದಾಡಿದಳು, ಬರಲಿಲ್ಲ. ತಾಯಿಯ ಭಾಷೆ ಆ ಮಗಳ ಕಿವಿಗೆ ಚಿಕ್ಕಂದಿನಲ್ಲಿ ಬಿದ್ದದ್ದೇ ಇಲ್ಲ.

ಈ ತಿಂಗಳು ಆ ಮಗಳು ತುಳಶೀಬಾಗಿನ ಪೇಟೆಯಲ್ಲಿ ಸಿಕ್ಕಿದಳು. ಅವಳ ಕೂದಲೂ ಬೆಳ್ಳಗಾಗುತ್ತಿದೆ. ನಾನು ನಿವೃತ್ತಳಾದದ್ದನ್ನು ಕೇಳಿ ಖುಷಿಪಟ್ಟಳು, ಇನ್ನು ಮೇಲೆ ನಿಮಗಾಗಿ ಏನಾದರೂ ಮಾಡಿಕೊಳ್ಳಿ ಎಂದಳು. ಗದ್ದಲದ ನಡುವೆ ನಿಂತೇ ನಾನು ಮತ್ತೆ ಆ ಮಾತಿನ ವಿಷಯ ಎತ್ತಿದೆ. ನನಗೆ ತೋಚಿದ ಶಬ್ದಗಳನ್ನೆಲ್ಲ ಹೇಳಿದೆ. ನೀರು? ನೋವು? ಹೇಳಿದ್ರೇನ್ರಿ? ತಿಳೀತು? ಅವಳು ಪ್ರತಿಯೊಂದನ್ನೂ ಗಮನವಿಟ್ಟು ಕೇಳಿದಳು. ಕೊನೆಗೆ ನನ್ನ ತೋಳು ಮುಟ್ಟಿ, "ಮೊದಲು ಆ ಸದ್ದಾದರೂ ಕಿವಿಯಲ್ಲಿತ್ತು," ಎಂದಳು. "ಈಗ ಅದೂ ಇಲ್ಲ."

ಅವಳು ರಿಕ್ಷಾ ಹತ್ತಿ ಹೋದಳು. ನಾನು ಮನೆಗೆ ಬಂದೆ. ಯಾಕೆ ಇಷ್ಟು ಹೊತ್ತಾಯಿತೆಂದು ಸೊಸೆ ಕೇಳಿದಳು, ಅವಳು ಸಾತಾರಾದವಳು, ಕನ್ನಡ ತಿಳಿಯದು. ತುಳಶೀಬಾಗಿನಲ್ಲಿ ಗದ್ದಲ ಬಹಳವಿತ್ತೆಂದು ಅವಳಿಗೆ ಮರಾಠಿಯಲ್ಲಿ ಹೇಳಿದೆ.