ಖಾಜಾಸಾಬರ ಫರ್ಮಾ

ಮದುವೆ ಕಾರ್ಡು ಮಾಡಿಸಲು ಖಾಜಾಸಾಬರ ಅಂಗಡಿಗೆ ಹೋದವರು ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು, ಸಂಬಂಧ ಹೇಗೆ ಕೂಡಿ ಬಂತು, ಹುಡುಗನ ಮನೆತನ ಎಂಥದ್ದು ಎಂದು ಶುರು ಮಾಡುವಷ್ಟರಲ್ಲಿ ಸಾಬರು ಕನ್ನಡಕವನ್ನು ಹಣೆಗೇರಿಸಿ ಅಂಗೈ ಅಡ್ಡ ಹಿಡಿಯುತ್ತಿದ್ದರು.

"ಬದಲಾಗೂದು ಏನೈತಿ, ಅಷ್ಟ ಹೇಳ್ರಿ."

ಹೆಸರು, ಊರು, ಮುಹೂರ್ತ, ಮಂಟಪ. ಉಳಿದದ್ದೆಲ್ಲ ಅವರ ಕಂಪ್ಯೂಟರಿನಲ್ಲಿ ಮೊದಲೇ ಬರೆದು ಕೂತಿರುತ್ತಿತ್ತು. ಬಂದವರು ಚಹಾ ಕುಡಿದು ಮುಗಿಸುವುದರೊಳಗೆ ಕಾರ್ಡು ತಯಾರು. ಮದುವೆಗೊಂದು, ಜವಳಕ್ಕೊಂದು, ಅಂಗಡಿ ಪೂಜೆಗೊಂದು, ಉರುಸಿಗೊಂದು ಹೀಗೆ ಬರೆದಿಟ್ಟ ಅಚ್ಚುಗಳಿಗೆ ಅವರು ಫರ್ಮಾ ಎನ್ನುತ್ತಿದ್ದರು. ಸಿಂಧನೂರು ಸೀಮೆಯಲ್ಲಿ ತಮ್ಮ ಫರ್ಮಾದೊಳಗೆ ಹಾಯದೆ ಯಾರ ಮದುವೆಯೂ ಆಗಿಲ್ಲ ಎಂದು ಜಂಬ ಕೊಚ್ಚುತ್ತಿದ್ದರು. ಆರಾಮ ಇದ್ದೀರಾ ಎಂದು ಕೇಳಿದರೆ ಅದಕ್ಕೂ ಅದೇ ಧಾಟಿ: "ಹ್ವಾದ ವಾರದ್ದ ಐತ್ರಿ, ಬದಲಾಗಿಲ್ಲ."

ನನಗೆ ಈ ಮನುಷ್ಯನ ಮೇಲೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ಮುಂದೆ ಎಲ್ಲಾದರೂ ನಾನು ಅವರನ್ನು ಹೊಗಳಿದರೆ, ಅದನ್ನು ಎಷ್ಟು ಹಲ್ಲು ಕಚ್ಚಿ ಹೊಗಳಿದ್ದೇನೆ ಎಂಬುದು ಓದುವವರಿಗೆ ಗೊತ್ತಿರಲಿ.

ಈ ಕಿಚ್ಚು ಹತ್ತಿದ್ದು ನನ್ನ ಮಗಳ ಮದುವೆಯಲ್ಲಿ. ನಾನು ಲಿಂಗಸುಗೂರಿನಲ್ಲಿ ಬಳೆ ಅಂಗಡಿ ಇಟ್ಟವಳು. ಆದರೆ ಬರೆಯುವ ಹುಚ್ಚು ಚಿಕ್ಕಂದಿನಿಂದ ಇದೆ. ಕಾರ್ಡಿನ ಒಕ್ಕಣೆಯನ್ನು ನಾನೇ ಬರೆದು, ತಿದ್ದಿ, ಮತ್ತೆ ಬರೆದು ಸಿಂಧನೂರಿನ ಬಸ್ಸು ಹತ್ತಿದ್ದೆ. ಖಾಜಾಸಾಬರು ಅದನ್ನು ಓದಿ, ಇಷ್ಟೆಲ್ಲ ನಕೋ ಅಕ್ಕಾರ, ಮಂದಿ ಊಟ ಯಾವಾಗ ಅಂತ ಅಷ್ಟೇ ನೋಡುತ್ತಾರೆ ಎಂದು ಮಡಚಿ ನನ್ನ ಕೈಗೇ ಕೊಟ್ಟರು. ನನಗೆ ಮುಖ ಮುರಿದಂತಾಯಿತು. ಎದ್ದು ಬಂದುಬಿಡುತ್ತಿದ್ದೆನೋ ಏನೋ, ಆದರೆ ಇನ್ನೊಂದು ಪೇಚಾಟವಿತ್ತು. ಪಾಲಿನ ಜಗಳದಲ್ಲಿ ನನ್ನ ಮೈದುನ ಮುನಿಸಿಕೊಂಡು, ತನ್ನ ಹೆಸರು ಕಾರ್ಡಿನಲ್ಲಿ ಇರಕೂಡದು ಎಂದಿದ್ದ. ನಮ್ಮವರಲ್ಲಿ ಚಿಕ್ಕಪ್ಪನ ಹೆಸರಿಲ್ಲದ ಕಾರ್ಡು ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ತಗ್ಗಿದ ದನಿಯಲ್ಲಿ ಇದನ್ನು ಹೇಳಿದೆ. ಅವರು ಏನನ್ನೂ ಕೆದಕಿ ಕೇಳಲಿಲ್ಲ.

"ಖಾಲಿ ಇರೂದು ತಪ್ಪಲ್ರಿ ಅಕ್ಕಾರ. ಖಾಲಿ ಐತಂತ ಕಾಣೂದು ತಪ್ಪು" ಎಂದು, ಸಾಲುಗಳನ್ನು ಅತ್ತಿತ್ತ ಸರಿಸಿ, ಸೋದರಮಾವಂದಿರನ್ನು ಮೇಲೆ ತಂದು, ಅಲ್ಲೊಂದು ಜಾಗ ಇತ್ತೆಂಬುದೇ ತಿಳಿಯದಂತೆ ಮಾಡಿದರು. ಮದುವೆಗೆ ಬಂದವರಲ್ಲಿ ಒಬ್ಬರೂ ಮೈದುನನ ಮಾತು ಎತ್ತಲಿಲ್ಲ. ಕಾರ್ಡು ಚೆಂದ ಬಂದಿದೆ ಎಂದರು. ನನ್ನ ಒಕ್ಕಣೆ ನನ್ನ ಚೀಲದಲ್ಲೇ ಮುದುಡಿ ಉಳಿಯಿತು.

ಆಮೇಲೆ ವಿಕಿ ಬಂತು. ವಿಕಿ ಎಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣ. ಮಸ್ಕಿಯ ವೀರೇಶ ಎಂಬ ಕಾಲೇಜು ಉಪನ್ಯಾಸಕ, ನಮ್ಮ ಮೂರು ತಾಲೂಕುಗಳ ಊರುಗಳಿಗೆ ಒಂದೊಂದು ಪುಟ ಇರಲಿ ಎಂದು ಅದನ್ನು ಶುರು ಮಾಡಿದ. ರವಿವಾರ ಅವನ ಮನೆಯ ಪಡಸಾಲೆಯಲ್ಲಿ ನಾವೊಂದಿಷ್ಟು ಜನ ಸೇರುತ್ತಿದ್ದೆವು. ಕನ್ನಡ ಅಕ್ಷರ ಕೂಡಿಸುವುದು ಗೊತ್ತಿರುವವರು ಬೇಕೆಂದು ಅವನು ಖಾಜಾಸಾಬರನ್ನೂ ಕರೆದಿದ್ದ. ಬಾಗಿಲಲ್ಲಿ ಅವರ ಚಪ್ಪಲಿ ಕಂಡಾಗಲೇ ನನಗೆ ಅರ್ಧ ಉತ್ಸಾಹ ಇಳಿದುಹೋಯಿತು.

ನಾನು ನನ್ನ ತವರು ಗುರುಗುಂಟಾದ ಪುಟ ಬರೆದೆ. ಒಂದು ಮಳೆಗಾಲವೆಲ್ಲ ಬರೆದೆ. ಕುರಿ ಹಿಂಡು ಊರೊಳಗೆ ಬರುವ ಹೊತ್ತಿನ ಧೂಳು, ನಮ್ಮ ಓಣಿಯ ಮುದುಕಿಯರು ಸಜ್ಜೆ ರೊಟ್ಟಿ ಬಡಿಯುವ ಸಪ್ಪಳ, ಬಸ್ಸು ಸಿಗದೆ ಲಿಂಗಸುಗೂರಿನಿಂದ ನಡೆದು ಬಂದ ನಮ್ಮಪ್ಪ, ಎಲ್ಲ ಬಂತು ಅದರಲ್ಲಿ. ಖಾಜಾಸಾಬರು ಒಂದೂರಿನ ಪುಟವನ್ನೂ ಬರೆಯಲಿಲ್ಲ. ಎಲ್ಲರ ಬೆನ್ನ ಹಿಂದೆ ನಿಂತು ಪರದೆ ನೋಡುವುದು, ಇದರಲ್ಲಿ ಬದಲಾಗುವುದು ಎಷ್ಟು ಎಂದು ಕೇಳುವುದು, ಇಷ್ಟೇ ಅವರ ಕೆಲಸ. ಒಂದು ರವಿವಾರ ಬಂದು, ಊರುಗಳಿಗೆಲ್ಲ ಒಂದೇ ಫರ್ಮಾ ಮಾಡಿದ್ದೇನೆ ಎಂದರು.

ಪುಟದ ನೆತ್ತಿಯಲ್ಲಿ ಎರಡೆರಡು ಸುರುಳಿ ಆವರಣಗಳ ನಡುವೆ ಫರ್ಮಾದ ಹೆಸರು ಬರೆದು, ತಾಲೂಕು ಯಾವುದು, ನೀರು ಎಲ್ಲಿಂದ, ಸಂತೆ ಯಾವಾಗ, ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ತುಂಬಿದರೆ ಸಾಕು. ಪುಟದ ಮಗ್ಗುಲಲ್ಲಿ ಒಂದು ಅಂದವಾದ ಪೆಟ್ಟಿಗೆ ತಾನೇ ಬಂದು ಕೂರುತ್ತಿತ್ತು. ತಿಳಿಯದ ಸಾಲನ್ನು ತುಂಬದೆ ಬಿಟ್ಟರೆ ಆ ಸಾಲು ಕಾಣುವುದೇ ಇಲ್ಲ. ಗೆರೆಯಿಲ್ಲ, ತೂತಿಲ್ಲ. ನನ್ನ ಮೈದುನ ಕಾರ್ಡಿನಿಂದ ಮಾಯವಾದದ್ದು ಹೀಗೆಯೇ ಎಂದು ನನಗೆ ಥಟ್ಟನೆ ಹೊಳೆಯಿತು. ಬೇರೆ ಯಾರಿಗೂ ಹೇಳಲಿಲ್ಲ.

ಫರ್ಮಾ ಊರೂರಿಗೆ ಹರಡಿತು. ಮೊಬೈಲಿನಲ್ಲಿ ಗುರುಗುಂಟಾ ತೆರೆದರೆ ಮೊದಲು ಪೆಟ್ಟಿಗೆ, ನನ್ನ ಬರಹ ಅದರ ಕೆಳಗೆ. ಜನ ಕೊನೆಯ ಬಸ್ಸು ನೋಡಿ ಮೊಬೈಲು ಜೇಬಿಗಿಳಿಸುತ್ತಿದ್ದರು. ನನ್ನ ಅಣ್ಣನ ಮಗಳೇ, ಅತ್ತಿ, ನಿನ್ನ ಪುಟ ಭಾಳ ಉಪಯೋಗ ಆತು, ಬಸ್ಸು ಸಿಕ್ತು ಎಂದಳು. ಅವಳಿಗೆ ಬೈಯಲೂ ಬಾರದು. ಮಳೆಗಾಲವಿಡೀ ಬರೆದವಳು ನಾನು, ಪುಟಪುಟದಲ್ಲೂ ಇರುವವರು ಅವರು. ನನಗೆ ಬೇಕಿದ್ದದ್ದು ಒಂದೇ. ಖಾಜಾಸಾಬರು ನನ್ನ ಗುರುಗುಂಟಾವನ್ನು ಕೂತು ಓದಬೇಕು, ಓದಿ ಒಂದು ಮಾತು ಆಡಬೇಕು. ಅವರು ಪ್ರತಿ ವಾರ ಅದೇ ಪುಟ ತೆರೆದು, ಪೆಟ್ಟಿಗೆಯ ಅಂಚು ನೇರವಾಗಿದೆಯೇ ಎಂದು ನೋಡಿ ಮುಚ್ಚುತ್ತಿದ್ದರು.

ಈ ಸಿಟ್ಟಿನಲ್ಲೇ ಒಂದು ದಿನ, ಅವರ ಪೆಟ್ಟಿಗೆಯೊಳಗೂ ನನ್ನದೊಂದು ಮಾತು ಇರಲಿ ಎಂದು ತಿದ್ದುವ ಗುಂಡಿ ಒತ್ತಿ, ನಮ್ಮೂರಿನ ಹಳೆಯ ಅರಮನೆ ನೆನೆದು "ಅರಮನೆಯ ಊರು" ಎಂದು ಸೇರಿಸಿದೆ. ನಾನು ಒತ್ತಿದ ಗುಂಡಿ ಗುರುಗುಂಟಾದ್ದಲ್ಲ, ಫರ್ಮಾದ್ದು. ಅರ್ಧ ತಾಸಿನಲ್ಲಿ ವೀರೇಶನ ಫೋನು ಬಂತು.

"ಅಕ್ಕಾರ, ಮೂರೂ ತಾಲೂಕಿನ್ಯಾಗ ಊರೂರಿಗೆ ಅರಮನಿ ಎದ್ದಾವು. ನಾಕು ಗುಡಿಸಲಾ ಇದ್ದ ಕ್ಯಾಂಪಿಗೂ ಬಂದೈತಿ."

ರವಿವಾರ ಹೋದಾಗ ಖಾಜಾಸಾಬರು ಕೆಮ್ಮು ಬರುವಷ್ಟು ನಗುತ್ತಿದ್ದರು. ನನ್ನನ್ನು ಸಮಾಧಾನ ಮಾಡಲೆಂದು ತಮ್ಮ ಕಥೆಯನ್ನೂ ಹೇಳಿದರು. ಒಮ್ಮೆ ಖಾಲಿ ಬಿಡಬೇಕಾದ ಕಡೆ ಒಬ್ಬಳ ಹೆಸರು ಫರ್ಮಾದಲ್ಲೇ ಉಳಿದು, ಆ ವಾರದ ಮದುವೆಗಳಿಗೆಲ್ಲ ಒಬ್ಬಳೇ ಮದುಮಗಳಾಗಿದ್ದಳಂತೆ. ಅಷ್ಟು ಹೇಳುತ್ತಲೇ ಒಂದು ಗುಂಡಿ ಒತ್ತಿ ಅರಮನೆಗಳನ್ನೆಲ್ಲ ಕೆಡವಿದರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಮೈ ಉರಿಯಿತು. ನನ್ನ ಬರಹ ಒಂದೂರನ್ನು ದಾಟಿರಲಿಲ್ಲ. ನನ್ನ ತಪ್ಪು ಮಾತ್ರ ಅವರ ಹೆಗಲೇರಿ ಮೂರು ತಾಲೂಕು ಸುತ್ತಿ ಬಂದಿತ್ತು.

ಹೋದ ಬೇಸಿಗೆಯಲ್ಲಿ ಅವರು ಬರುವುದನ್ನು ನಿಲ್ಲಿಸಿದರು. ಜಡ್ಡು ಎಂದು ಕೇಳಿ ಸಿಂಧನೂರಿಗೆ, ಅವರ ಮನೆಗೇ ಹೋದೆ. ಗೋಡೆಗೆ ಒರಗಿ ಕೂತಿದ್ದರು. ಕನ್ನಡಕ ಹಣೆಯ ಮೇಲೆಯೇ ಇತ್ತು. ಆರಾಮ ಇದ್ದೀರಾ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಹ್ವಾದ ವಾರದ್ದಲ್ರಿ ಈಗ" ಎಂದರು. "ಬದಲಾಗೈತಿ."

ಅವರ ಹೆಂಡತಿ ಶರಬತ್ತು ತಂದಿಟ್ಟರು. ಅದನ್ನು ಕುಡಿದು ಏಳುವ ಮುಂಚೆ, ಜಡ್ಡಿನ ಮನುಷ್ಯನನ್ನು ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ: "ಅಣ್ಣಾರ, ನನ್ನ ಗುರುಗುಂಟಾ ಯಾವಾಗರ ಓದೀರೇನು?"

"ಓದೀನ್ರಿ. ಫರ್ಮಾಕ್ಕ ಏನರ ಸಿಗತೈತೇನಂತ ಹುಡುಕಿದೆ. ಏನೂ ಸಿಗಲಿಲ್ಲ. ಅದರಾಗ ಎಲ್ಲಾ ಬದಲಾಗೂದ ಐತಿ. ಆ ಊರು ಬಿಟ್ಟು ಎಲ್ಲೂ ಹಚ್ಚಾಕ ಬರಂಗಿಲ್ಲ."

ದೂರಿದರೆಂದೇ ತಿಳಿದು ಮುಖ ಸಣ್ಣ ಮಾಡಿಕೊಂಡು ಬಂದೆ. ಬಸ್ಸು ಮಸ್ಕಿ ದಾಟುವಾಗ, ಅದು ಹೊಗಳಿಕೆ ಎಂದು ಹೊಳೆಯಿತು. ಇಳಿದು ಹಿಂದಕ್ಕೆ ಹೋಗಿ ಇನ್ನೊಮ್ಮೆ ಹೇಳಿಸಿಕೊಳ್ಳಬೇಕು ಎನ್ನಿಸಿತು. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಮುಂದಿನ ವಾರ ಅವರಿರಲಿಲ್ಲ.

ವಿಕಿಯಲ್ಲಿ ಅವರಿಗೊಂದು ಪುಟ ಬೇಕೆಂದು ಎಲ್ಲರೂ ಹೇಳಿದರು. ಬರೆಯಬೇಕಾದವಳು ನಾನೇ ಆದೆ. ವ್ಯಕ್ತಿಗಳ ಪುಟಕ್ಕೂ ಅವರೇ ಒಂದು ಫರ್ಮಾ ಮಾಡಿಟ್ಟು ಹೋಗಿದ್ದರು. ಹೆಸರು ತುಂಬಿದೆ, ಊರು ತುಂಬಿದೆ, ಕೆಲಸ ತುಂಬಿದೆ, ಹುಟ್ಟಿದ್ದನ್ನು ಅವರ ಹೆಂಡತಿಯನ್ನು ಕೇಳಿ ತುಂಬಿದೆ. ಕೆಳಗೆ ನನ್ನ ಬರಹ ಉದ್ದಕ್ಕೆ ಇದೆ. ಯಾರೂ ಓದಲಿಕ್ಕಿಲ್ಲ. ಪೆಟ್ಟಿಗೆ ನೋಡಿ ಹೋಗುತ್ತಾರೆ.

ವೀರೇಶ ನೋಡಿ, ಒಂದು ಸಾಲು ಉಳಿದಿದೆಯಲ್ಲ ಅಕ್ಕಾರ ಎಂದ. ಗೊತ್ತು ಎಂದೆ. ಮರಣ ಎಂಬ ಸಾಲನ್ನು ನಾನು ತುಂಬಿಲ್ಲ. ಅವನೂ ತುಂಬಲಿಲ್ಲ. ಪುಟ ತೆರೆದರೆ ಸಿಂಧನೂರಿನಲ್ಲಿ ಕಾರ್ಡು ಮಾಡುವ ಖಾಜಾಸಾಬರು ಇದ್ದಾರೆ, ಅಷ್ಟೆ. ಅಲ್ಲಿ ಏನೋ ಇಲ್ಲ ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಚೆಂದ ಮಾಡಿಟ್ಟಿದ್ದಾರೆ ಅದನ್ನು. ನನ್ನ ಕೈಯಿಂದ ಎಂದೂ ಆಗದ ಕೆಲಸ ಅದು, ಅದಕ್ಕೂ ನನಗೆ ಹೊಟ್ಟೆಕಿಚ್ಚೇ.