ಸರ್ ಎದುರು ಪಕ್ಷದಲ್ಲಿ ನಿಂತರು

ಜತ್ತದ ಕೋರ್ಟಿನಲ್ಲಿ ನನಗೆ ವಕೀಲಿಕೆ ಕಲಿಸಿದ್ದು ಒಬ್ಬ ಹಿರಿಯ ವಕೀಲರು. ಸಾಕ್ಷಿಗೆ ಯಾವ ಪ್ರಶ್ನೆ ಕೇಳಬಾರದು ಎಂಬುದನ್ನೂ ಅವರಿಂದಲೇ ಕಲಿತೆ. ಇವತ್ತಿಗೂ ನನ್ನ ಬಾಯಲ್ಲಿ ಅವರು ಸರ್.

ನನ್ನ ಎರಡನೆಯ ಕೂಸು ಹುಟ್ಟಿದ ವಾರದೊಳಗೆ ತೀರಿಕೊಂಡಿತು. ಬಾಣಂತನಕ್ಕೆ ಅಸಂಗಿಯ ತವರಿನಲ್ಲಿದ್ದೆ. ನಿದ್ದೆ ಹೋಯಿತು, ಊಟ ಹೋಯಿತು. ಅವ್ವ ಮಿರಜದ ಮನೋವೈದ್ಯರಲ್ಲಿಗೆ ಕರೆದೊಯ್ದಳು. ಕೆಲವು ತಿಂಗಳು ಗುಳಿಗೆ ನುಂಗಿ ಸುಧಾರಿಸಿಕೊಂಡೆ. ದಾಳಿಂಬೆ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ ಗಂಡನಿಗೂ ಹೇಳಲಿಲ್ಲ.

ಮುಂದೆ ಅದೇ ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ. ನಮ್ಮ ಮೊದಲ ಕೂಸಾದ ಮಗಳೂ ತನಗೇ ಬೇಕೆಂದ. ನಾನು ನೇರ ಸರ್ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು.

"ಎದುರಿನವ್ರು ಏನ ಹಿಡದು ಎಳೀಬಹುದು? ನನ್ನ ಮುಂದ ಮುಚ್ಚಿಡಬ್ಯಾಡ," ಎಂದರು ಸರ್.

ಗುಳಿಗೆಯ ವಿಷಯ ಹೇಳಿದೆ.

"ಹೆದರಬ್ಯಾಡವಾ. ನಾ ಅದೀನಿ," ಎಂದರು.

ತಾರೀಖಿನ ದಿನ ಕರಿ ಕೋಟು ಮನೆಯಲ್ಲೇ ಬಿಟ್ಟು ಹೋದೆ. ಸ್ವಂತ ಕೇಸಿನಲ್ಲಿ ವಕೀಲರು ಕಕ್ಷಿದಾರರಂತೆ ಬರಬೇಕು. ನಮ್ಮ ಹೆಸರು ಕೂಗಿದಾಗ ಸರ್ ಎದ್ದರು, ನನ್ನ ಗಂಡನ ಪಕ್ಕದಲ್ಲಿ. ತಾಯಿಗೆ ಮಾನಸಿಕ ರೋಗವಿದೆ, ಮಗುವನ್ನು ಆಕೆಯ ಬಳಿ ಬಿಡುವುದು ಸರಿಯಲ್ಲ ಎಂದು ಕೋರ್ಟಿನ ಭಾಷೆಯಾದ ಮರಾಠಿಯಲ್ಲಿ ಶುರುಮಾಡಿದರು. ಗುಳಿಗೆಯ ಹೆಸರನ್ನೂ ಹೇಳಿದರು.

ನ್ಯಾಯಾಧೀಶರು, ನಿಮ್ಮ ವಾದ ನೀವೇ ಮಾಡಬಹುದು, ವಕೀಲರನ್ನೂ ಇಡಬಹುದು ಎಂದರು. ನಾನೇ ಮಾಡುತ್ತೇನೆಂದು ಎದ್ದುನಿಂತೆ. "ನನ್ನ ಮಗಳು" ಎಂದು ಶುರುಮಾಡಿ ಅಷ್ಟಕ್ಕೇ ಕುಳಿತುಬಿಟ್ಟೆ. ಎಷ್ಟೋ ಹೆಣ್ಣುಮಕ್ಕಳ ಪರವಾಗಿ ಅದೇ ಜಾಗದಲ್ಲಿ ನಿಂತು ಮಾತಾಡಿದವಳು ನಾನು. ನ್ಯಾಯಾಧೀಶರು ಮುಂದಿನ ತಾರೀಖು ಕೊಟ್ಟರು.

ಹೊರಗೆ ಸರ್ ಅವರನ್ನು ತಡೆದು, ಹೀಗೇಕೆ ಮಾಡಿದಿರಿ ಎಂದು ಕೇಳಿದೆ.

"ನೀ ವಕಾಲತ್ತಿಗೆ ಸಹಿ ಮಾಡಿದ್ದೇನು?" ಎಂದರು. "ಚಹಾ ಕುಡಕೋತ ಮಾತಾಡಿದ್ದು ಅದು. ನಿನ್ನ ಗಂಡ ಮೊದಲ ಬಂದ ಸಹಿ ಮಾಡಿದ."

ನಮ್ಮ ವಕೀಲರ ಕೋಣೆಯಲ್ಲಿ ನನ್ನ ಕೇಸು ಹಿಡಿಯಲು ಯಾರೂ ಒಪ್ಪಲಿಲ್ಲ. ನನ್ನ ಜೊತೆಗೇ ಮೇಜು ಹಂಚಿಕೊಂಡಿದ್ದ ಗೆಳತಿ ನೆಲ ನೋಡುತ್ತ, "ದಿನಾ ಸರ್ ಮುಂದ ನಿಂದ್ರಬೇಕಲ್ಲಾ, ತಿಳಕೊಳ್ರಿ ಅಕ್ಕಾ," ಎಂದಳು. ಸರ್ ಮಾಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ದಿನ ಕೊರೆಯಿತು.

ಕೊನೆಗೆ ಸಾಂಗಲಿಯ ಒಬ್ಬ ವಕೀಲೆ ಒಪ್ಪಿಕೊಂಡರು. ಅವರೂ ಸರ್ ತಮ್ಮ ಮನೆಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು. ಬಾಯಿ ತೆರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಅವಸರ ಮಾಡಲಿಲ್ಲ.

ಮುಂದಿನ ತಾರೀಖಿಗೆ ಅವರು, ಸಲಹೆ ಕೇಳಲು ಬಂದವರ ಗುಟ್ಟು ಕಾಯಲು ಸಹಿಯೇ ಬೇಕಿಲ್ಲ ಎಂದು ವಾದಿಸಿದರು. ನ್ಯಾಯಾಧೀಶರು ಸರ್ ಕಡೆ ತಿರುಗಿ, "ಇವರು ಈ ಕೇಸಿನ ಸಲುವಾಗಿ ನಿಮ್ಮ ಬಳಿ ಬಂದಿದ್ದರೇ?" ಎಂದು ಕೇಳಿದರು. ಸರ್ ಹೌದೆಂದರು. ಅವತ್ತೇ ಕೇಸಿನಿಂದ ಹಿಂದೆ ಸರಿದರು.

ವಿಚ್ಛೇದನವಾಯಿತು. ಮಗಳು ನನ್ನ ಹತ್ತಿರ ಉಳಿದಳು. ರವಿವಾರ ಅಪ್ಪನ ಮನೆಗೆ ಹೋಗಿಬರುತ್ತಾಳೆ. ನಾನು ಅದೇ ಕೋರ್ಟಿನಲ್ಲಿ ಕೆಲಸ ಮಾಡುತ್ತೇನೆ, ಮೇಜು ಮಾತ್ರ ಬೇರೆ. ಮೊನ್ನೆ ಮೆಟ್ಟಿಲ ಮೇಲೆ ಸರ್ ಎದುರಾದರು.

"ಮಗಳು ಹ್ಯಾಂಗದಾಳ?" ಎಂದರು.

ಅವಳಿಗೆ ಆಗ ಜ್ವರವಿತ್ತು. "ಚಲೋ ಅದಾಳ್ರಿ," ಎಂದು ಇಳಿದು ಬಂದೆ.